ಹಳೇ ಅಚ್ಚು, ಹೊಸ ನಾಣ್ಯ: ಅಮೆರಿಕದ ರೀಸ್ಟ್ರೈಕ್‌ಗಳ ಬೆನ್ನು ಹತ್ತಿ ನಾನು ಕಲಿತದ್ದು, ಕಳೆದದ್ದು

ಎರಡು ವಾರದ ಹಿಂದೆ ಡಲ್ಲಾಸ್‌ನಿಂದ ಒಂದು ಫೋನ್ ಬಂತು. ಮಾಡಿದವರು ಈ ಬ್ಲಾಗಿನ ಹಳೆಯ ಓದುಗರು, ಹುಬ್ಬಳ್ಳಿ ಕಡೆಯವರು. ಐದು ವರ್ಷದಿಂದ ಇಂಡೆಕ್ಸ್ ಫಂಡ್ ಬಿಟ್ಟು ಅತ್ತಿತ್ತ ನೋಡದ ಶಿಸ್ತಿನ ಮನುಷ್ಯ. ಹಾಗಾಗಿ ಅವರ ಪ್ರಶ್ನೆ ಕೇಳಿ ನನಗೆ ಆಶ್ಚರ್ಯವಾಯಿತು.

"ಸರ, ಮಗಳ 529 ಪ್ಲ್ಯಾನ್‌ನಾಗ ಇರೋ ರೊಕ್ಕ ಒಂದಿಷ್ಟು ತಗದು ಒಂದು ಕಾಯಿನ್ ತಗೋಬೇಕು ಅಂತ ವಿಚಾರ ಮಾಡೀನ್ರಿ. 1856ರ ಫ್ಲೈಯಿಂಗ್ ಈಗಲ್ ಸೆಂಟ್. ಹನ್ನೆರಡು ಸಾವಿರದ್ದು, ಆರೂವರೆ ಸಾವಿರಕ್ಕ ಕೊಡ್ತೀನಿ ಅಂತಾನ. ಐದುನೂರು ಅಡ್ವಾನ್ಸ್ ಕೊಟ್ಟೂ ಬಿಟ್ಟೀನಿ. ನೀವೇನಂತೀರಿ?"

ಮೊದಲ ಅರ್ಧಕ್ಕೆ ಉತ್ತರ ಕೊಡಲು ಒಂದು ನಿಮಿಷ ಸಾಕಾಯಿತು. 529ರ ಹಣವನ್ನು ಓದಿನ ಖರ್ಚು ಬಿಟ್ಟು ಬೇರೆಯದಕ್ಕೆ ತೆಗೆದರೆ ಅದರ ಗಳಿಕೆಯ ಮೇಲೆ ಆದಾಯ ತೆರಿಗೆ, ಮೇಲೆ ಶೇ. 10 ದಂಡ. ಮುಟ್ಟಬೇಡಿ ಎಂದೆ. ಎರಡನೇ ಅರ್ಧಕ್ಕೆ ಮಾತ್ರ ಅಷ್ಟು ಸುಲಭವಾಗಿ ಉತ್ತರ ಹೇಳಲಾಗಲಿಲ್ಲ. ಯಾಕೆಂದರೆ ಅದೇ ನಾಣ್ಯ ಕೊಂಡು ಪೆಟ್ಟು ತಿಂದವನು ನಾನು. ಇಷ್ಟು ವರ್ಷ ಇಲ್ಲಿ ಬೇರೆಯವರ ಬಂಡವಾಳದ ತಪ್ಪುಗಳ ಬಗ್ಗೆ ಬರೆದಿದ್ದೇನೆ, ನನ್ನದನ್ನು ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ.

ನಾನಿರುವುದು ಫಿಲಡೆಲ್ಫಿಯಾದ ಹೊರವಲಯದಲ್ಲಿ. ಊರಿನಿಂದ ಬಂದ ನೆಂಟರನ್ನೆಲ್ಲ ಲಿಬರ್ಟಿ ಬೆಲ್ ತೋರಿಸಲು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕರ್ತವ್ಯ. ಅದರ ಹತ್ತಿರದಲ್ಲೇ ಅಮೆರಿಕದ ಟಂಕಸಾಲೆ ಇದೆ. ಅಲ್ಲಿ ಪೀಟರ್ ಎಂಬ ಹದ್ದನ್ನು ಸ್ಟಫ್ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಟಂಕಸಾಲೆಯಲ್ಲೇ ಸಾಕಿಕೊಂಡಿದ್ದ ಹದ್ದಂತೆ, ನಾಣ್ಯದ ಮೇಲಿನ ಹದ್ದಿಗೆ ಅದೇ ಮಾದರಿ ಎಂದು ಐತಿಹ್ಯ. ನಾಲ್ಕನೇ ಬಾರಿಯೋ ಐದನೇ ಬಾರಿಯೋ ಪೀಟರನ ಮುಂದೆ ನಿಂತಾಗ ನನಗೆ ಈ ಹುಚ್ಚು ಹತ್ತಿತು.

ಪ್ಯಾಟರ್ನ್ ಅಂದರೆ ಮಾದರಿ ನಾಣ್ಯ. ಹೊಸ ವಿನ್ಯಾಸ, ಹೊಸ ತೂಕ ಅಥವಾ ಹೊಸ ಲೋಹ ಹೇಗೆ ಕಾಣುತ್ತದೆ ಎಂದು ನೋಡಲು ಟಂಕಸಾಲೆ ಒತ್ತಿದ ಕೆಲವೇ ಪ್ರತಿಗಳು. ಸಾಫ್ಟ್‌ವೇರ್ ಮಿತ್ರರ ಭಾಷೆಯಲ್ಲಿ ಪ್ರೋಟೋಟೈಪ್. ರೀಸ್ಟ್ರೈಕ್ ಅಂದರೆ ಹಳೆಯ ಅಚ್ಚನ್ನು ಹೊರತೆಗೆದು, ಅದರ ಮೇಲಿರುವ ಹಳೆಯ ಇಸವಿಯನ್ನು ಹಾಗೇ ಇಟ್ಟು, ವರ್ಷಗಳ ನಂತರ ಮತ್ತೆ ಒತ್ತಿದ ನಾಣ್ಯ. ಅಚ್ಚು ಅಸಲಿ, ಲೋಹ ಅಸಲಿ, ಎಷ್ಟೋ ಸಲ ಒತ್ತಿದ ಟಂಕಸಾಲೆಯೂ ಅಸಲಿ. ಸುಳ್ಳು ಹೇಳುವುದು ಇಸವಿ ಮಾತ್ರ.

2006ರ ಸುಮಾರಿಗೆ ಇಲ್ಲಿನ ಕಂಪನಿಗಳಲ್ಲಿ ಆದ ಆಪ್ಷನ್ ಬ್ಯಾಕ್‌ಡೇಟಿಂಗ್ ಹಗರಣ ನೆನಪಿದೆಯೇ? ಷೇರು ಬೆಲೆ ಕಡಿಮೆ ಇದ್ದ ಹಳೆಯ ದಿನಾಂಕ ಹಾಕಿ ಎಕ್ಸಿಕ್ಯುಟಿವ್‌ಗಳಿಗೆ ಆಪ್ಷನ್ ಕೊಟ್ಟದ್ದು. ಅದನ್ನು ಎಂಬಿಎ ತರಗತಿಯಲ್ಲಿ ಓದುವಾಗ ಭಾರಿ ಹೊಸ ಐಡಿಯಾ ಅನ್ನಿಸಿತ್ತು. ಅಮೆರಿಕದ ಟಂಕಸಾಲೆ ಅದನ್ನು ಒಂದೂವರೆ ಶತಮಾನ ಮುಂಚೆಯೇ ಮಾಡಿ ಮುಗಿಸಿತ್ತು.

ಹಿನ್ನೆಲೆ ಹೀಗಿದೆ. 1850ರ ದಶಕದ ತನಕ ಅಮೆರಿಕದ ಒಂದು ಸೆಂಟ್ ಅಂದರೆ ದೊಡ್ಡ ತಾಮ್ರದ ಬಿಲ್ಲೆ, 168 ಗ್ರೇನ್, ಹತ್ತಿರಹತ್ತಿರ 11 ಗ್ರಾಮ್. ತಾಮ್ರದ ಬೆಲೆ ಏರಿದ ಮೇಲೆ ಅದನ್ನು ಒತ್ತುವುದು ಟಂಕಸಾಲೆಗೆ ಗಿಟ್ಟದಾಯಿತು. ಆಗ ಬಂದದ್ದು 72 ಗ್ರೇನ್ ತೂಕದ, ಶೇ. 88 ತಾಮ್ರ, ಶೇ. 12 ನಿಕಲ್ ಇರುವ ಸಣ್ಣ ಸೆಂಟ್. ಹೀಗಿರುತ್ತದೆ ನೋಡಿ ಎಂದು ಕಾಂಗ್ರೆಸ್ ಸದಸ್ಯರಿಗೂ ಅಧಿಕಾರಿಗಳಿಗೂ ತೋರಿಸಲು 1856ರ ಇಸವಿ ಹಾಕಿ ಕೆಲವು ನೂರು ಪ್ರತಿ ಹಂಚಿದರು. 1857ರ ಫೆಬ್ರವರಿ 21ರಂದು ಕಾನೂನು ಪಾಸಾಯಿತು. ಅದರ ಜೊತೆಗೇ ಹಳೆಯ ಅರ್ಧ ಸೆಂಟ್ ಪೂರ್ತಿ ನಿಂತುಹೋಯಿತು.

ನಾಲ್ಕಾಣೆ ನಿಂತಾಗ ನಮ್ಮ ಕಡೆ ಜನ ಡಬ್ಬಿಯಲ್ಲಿ ನಾಲ್ಕಾರು ಎತ್ತಿಟ್ಟರಲ್ಲ, ಹಾಗೆಯೇ ಇಲ್ಲೂ ಆಯಿತು. ಚಿಕ್ಕಂದಿನಿಂದ ನೋಡಿದ ದೊಡ್ಡ ಸೆಂಟ್ ಕಣ್ಮರೆಯಾಗುತ್ತಿದ್ದಂತೆ ಸಾವಿರಾರು ಜನ ನಾಣ್ಯ ಸಂಗ್ರಹಕ್ಕೆ ಬಿದ್ದರು. ಎಲ್ಲರಿಗೂ ಅಪರೂಪದ್ದೇ ಬೇಕು. 1856ರ ಸೆಂಟಿಗಂತೂ ಬೇಡಿಕೆಯೋ ಬೇಡಿಕೆ. ಆಗ ಟಂಕಸಾಲೆಯ ಡೈರೆಕ್ಟರ್ ಆಗಿದ್ದವರು ಜೇಮ್ಸ್ ರಾಸ್ ಸ್ನೋಡನ್. ಅವರ ಕೈಯಲ್ಲಿ ಅಚ್ಚಿತ್ತು, ಯಂತ್ರವಿತ್ತು, ಮತ್ತು ಒಂದು ಖಾಸಾ ಆಸೆಯೂ ಇತ್ತು: ಜಾರ್ಜ್ ವಾಷಿಂಗ್ಟನ್‌ನ ಪದಕಗಳ ದೊಡ್ಡ ಸಂಗ್ರಹವೊಂದನ್ನು ಟಂಕಸಾಲೆಯಲ್ಲಿ ನಿಲ್ಲಿಸಬೇಕೆಂದು. 1859ರ ಆರಂಭದಲ್ಲಿ ಅವರು ಖಜಾನೆ ಕಾರ್ಯದರ್ಶಿ ಹೋವೆಲ್ ಕಾಬ್‌ಗೆ ಪತ್ರ ಬರೆದು, ಸಂಗ್ರಹಕಾರರ ಕಾಟ ಹೆಚ್ಚಾಗಿದೆ, ಮಾದರಿ ನಾಣ್ಯಗಳನ್ನು ನಾವೇ ಒತ್ತಿ ಕೊಡೋಣ ಎಂಬ ಪ್ರಸ್ತಾಪ ಇಟ್ಟರು. ಹಳೆಯ ಇಸವಿಯ ಅಪರೂಪದ ನಾಣ್ಯ ಒತ್ತುವುದು, ಅದನ್ನು ಕೊಟ್ಟು ವಾಷಿಂಗ್ಟನ್ ಪದಕ ಪಡೆಯುವುದು. 1860ರ ಫೆಬ್ರವರಿ 22ರಂದು, ವಾಷಿಂಗ್ಟನ್ ಹುಟ್ಟಿದ ದಿನವೇ, ಆ ಸಂಗ್ರಹ ಉದ್ಘಾಟನೆಯಾಯಿತು. ಇವತ್ತು ಕಾಣಸಿಗುವ 1856ರ ಸೆಂಟುಗಳಲ್ಲಿ ಹೆಚ್ಚಿನವು 1858ರಿಂದೀಚೆಗೆ ಒತ್ತಿದವೇ.

ಸ್ನೋಡನ್ ಕಳ್ಳನೇ? ನನಗೆ ಹಾಗನ್ನಿಸುವುದಿಲ್ಲ. ತನ್ನ ಮನೆಗೇನೂ ಒಯ್ದಂತೆ ಕಾಣುವುದಿಲ್ಲ. ಆದರೆ ಸೆಕ್ಯುರಿಟೀಸ್ ವಿಶ್ಲೇಷಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಕಾಣುವುದು ಇಷ್ಟೇ: ಇಷ್ಟೇ ಷೇರು ಇವೆ ಎಂದು ನಂಬಿ ಕೊಂಡವರಿಗೆ ತಿಳಿಸದೆ ಕಂಪನಿ ಹೊಸ ಷೇರು ಮುದ್ರಿಸಿತು.

ಸ್ನೋಡನ್ ಕಾಲದ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು ಗೋಬ್ರೆಕ್ಟ್ ಡಾಲರ್. ಕೊಳ್ಳುವ ತಾಕತ್ತಿಲ್ಲ, ನೋಡಿ ಖುಷಿಪಡುತ್ತೇನೆ. 1804ರಿಂದ ನಿಂತಿದ್ದ ಬೆಳ್ಳಿ ಡಾಲರನ್ನು ಮತ್ತೆ ತರಲು 1836ರಲ್ಲಿ ಕ್ರಿಶ್ಚಿಯನ್ ಗೋಬ್ರೆಕ್ಟ್ ಎಂಬ ಕೆತ್ತನೆಗಾರ ಅಚ್ಚು ಕೊರೆದರು. ಕುಳಿತ ಲಿಬರ್ಟಿಗೆ ಚಿತ್ರ ಬರೆದುಕೊಟ್ಟವರು ಥಾಮಸ್ ಸಲ್ಲಿ, ಹದ್ದಿನ ಚಿತ್ರ ಟೈಟಿಯನ್ ಪೀಲ್ ಅವರದು. ಮೊದಲು ಗೋಬ್ರೆಕ್ಟ್ ತಮ್ಮ ಹೆಸರನ್ನು ಲಿಬರ್ಟಿಯ ಪೀಠದ ಕೆಳಗೆ ಎದ್ದು ಕಾಣುವಂತೆ ಕೊರೆದಿದ್ದರು. ಇದು ಸ್ವಲ್ಪ ಜಾಸ್ತಿಯಾಯಿತು ಎಂಬ ಟೀಕೆ ಬಂದು, ಹೆಸರು ಪೀಠದ ಮೇಲಕ್ಕೆ ಹೋಯಿತು. 1836ರ ಡಿಸೆಂಬರಿನಲ್ಲಿ ಒತ್ತಿದ್ದು 1000 ನಾಣ್ಯ, ತಲಾ 416 ಗ್ರೇನ್. 1837ರ ಜನವರಿಯಲ್ಲಿ ಕಾನೂನು ಬದಲಾಗಿ ಡಾಲರಿನ ತೂಕ 412.5 ಗ್ರೇನಿಗೆ ಇಳಿಯಿತು. ಆ ಮೇಲೆ ಇನ್ನೂ 600 ಒತ್ತಿದರು, ಇಸವಿ ಮಾತ್ರ 1836ರದೇ.

ಎರಡು ದಶಕದ ನಂತರ ಅದೇ ಅಚ್ಚುಗಳು ಹೊರಗೆ ಬಂದವು. ಆಗ ಒತ್ತಿದವನ್ನು ಮೊದಲಿನವುಗಳಿಂದ ಬೇರ್ಪಡಿಸುವುದು ಹೇಗೆ? ತೂಕ ಒಂದು ಸುಳಿವು. ಆದರೆ ವ್ಯತ್ಯಾಸ ಕಾಲು ಗ್ರಾಮಿಗಿಂತಲೂ ಕಡಿಮೆ, ಸವೆದ ನಾಣ್ಯದಲ್ಲಿ ಅದೂ ಹೇಳಲಾಗದು. ಎರಡನೆಯದು ಹದ್ದಿನ ದಿಕ್ಕು. ನಾಣ್ಯವನ್ನು ಮೇಲಿಂದ ಕೆಳಕ್ಕೆ ಮಗುಚಿದಾಗ ಮೊದಲ ಒತ್ತುಗಳಲ್ಲಿ ಹದ್ದು ಆಕಾಶಕ್ಕೆ ಏರುವಂತೆ ಕಾಣುತ್ತದೆ, ಮರುಒತ್ತುಗಳಲ್ಲಿ ಬಹಳಷ್ಟರಲ್ಲಿ ನೆಲಕ್ಕೆ ಸಮಾನಾಂತರವಾಗಿ ಹಾರುತ್ತದೆ. ಮೂರನೆಯದು ಅಚ್ಚಿನ ಮೇಲಿನ ತುಕ್ಕಿನ ಚುಕ್ಕೆ, ಬಿರುಕು. ಇಷ್ಟಾದರೂ ಯಾವುದು ಮೊದಲಿನದು ಯಾವುದು ನಂತರದ್ದು ಎಂಬ ತಜ್ಞರ ಅಭಿಪ್ರಾಯ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆ. ಬ್ಯಾಲೆನ್ಸ್ ಶೀಟ್ ರೀಸ್ಟೇಟ್ ಮಾಡಿದ ಹಾಗೆ. ನಿಮ್ಮ ಕಪಾಟಿನಲ್ಲಿರುವ ನಾಣ್ಯ ಅಲ್ಲಾಡಿರುವುದಿಲ್ಲ, ಅದರ ಜಾತಕವೇ ಬದಲಾಗಿರುತ್ತದೆ.

ಇನ್ನು ತಮಾಷೆ ಕೇಳಿ. ಮರುಒತ್ತು ಅಂದರೆ ಅಗ್ಗ ಎಂದುಕೊಂಡಿರಾ? ಪೀಠದ ಕೆಳಗೆ ಹೆಸರಿರುವ ಆ ತಿರಸ್ಕೃತ ವಿನ್ಯಾಸವನ್ನೇ ಸಂಗ್ರಹಕಾರರಿಗಾಗಿ ಆಮೇಲೆ ಒತ್ತಿದರು. ಅವು ತೀರಾ ಕಡಿಮೆ ಇರುವುದರಿಂದ ಇವತ್ತು ಸಾಮಾನ್ಯ 1836ರ ಅಸಲಿಗಿಂತ ಹೆಚ್ಚು ಬೆಲೆಗೆ ಹೋಗುತ್ತವೆ. ಮಾರುಕಟ್ಟೆ ಯಾರ ನೈತಿಕತೆಗೂ ದುಡ್ಡು ಕೊಡುವುದಿಲ್ಲ. ಎಷ್ಟಿವೆ, ಎಷ್ಟು ಜನರಿಗೆ ಬೇಕು, ಅಷ್ಟೇ.

ಗಲ್ಫ್‌ನಲ್ಲಿರುವ ಓದುಗರಿಗೆ ಇಲ್ಲೊಂದು ವಿಷಯ. ಪ್ಯಾಟರ್ನ್ ಅಲ್ಲದಿದ್ದರೂ ಈ ಮರುಒತ್ತುಗಳ ವಂಶದಲ್ಲಿ ಹಿರಿಯಣ್ಣ 1804ರ ಡಾಲರ್. 1804ರಲ್ಲಿ 19,570 ಡಾಲರ್ ಒತ್ತಿದ ಲೆಕ್ಕವಿದೆ, ಆದರೆ ಅವುಗಳ ಮೇಲೆ ಇದ್ದದ್ದು ಹಿಂದಿನ ಇಸವಿ. 1804 ಎಂದು ಕೊರೆದ ಡಾಲರ್ ಮೊದಲು ಹುಟ್ಟಿದ್ದು 1834ರಲ್ಲಿ, ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿ ಮಸ್ಕತ್‌ನ ಸುಲ್ತಾನನಿಗೂ ಸಯಾಮಿನ ರಾಜನಿಗೂ ಉಡುಗೊರೆಯಾಗಿ ಒಯ್ಯಬೇಕಿದ್ದ ನಾಣ್ಯದ ಸೆಟ್ಟಿಗಾಗಿ. ಆ ಬಗೆಯವು ಎಂಟೇ ಎಂಟು ಗೊತ್ತಿವೆ. ಸುಲ್ತಾನನದು ಎಂದು ಹೆಸರಾದ ನಾಣ್ಯ 1999ರಲ್ಲಿ 41.4 ಲಕ್ಷ ಡಾಲರಿಗೆ, 2021ರಲ್ಲಿ 76.8 ಲಕ್ಷ ಡಾಲರಿಗೆ ಹರಾಜಾಯಿತು. ಕ್ಯಾಲ್ಕುಲೇಟರ್ ತೆಗೆಯಿರಿ: 22 ವರ್ಷಕ್ಕೆ ವರ್ಷಕ್ಕೆ ಶೇ. 3ಕ್ಕಿಂತ ಕಡಿಮೆ, ಹರಾಜಿನವರ ಕಮಿಷನ್, ಇನ್ಶೂರೆನ್ಸ್ ಕಳೆಯುವ ಮುಂಚೆ. ಜಗತ್ತಿನ ಅತಿ ಪ್ರಸಿದ್ಧ ನಾಣ್ಯದ ಕಥೆಯೇ ಇಷ್ಟಾದರೆ ಡಲ್ಲಾಸ್ ಮಿತ್ರರ ಸೆಂಟಿನ ಗತಿ ಏನು?

1850ರ ದಶಕದ ಕೊನೆಗೆ ಟಂಕಸಾಲೆಯೊಳಗಿನ ಯಾರೋ ಆ 1804ರ ಅಚ್ಚನ್ನೂ ಮತ್ತೆ ಹೊರತೆಗೆದರು. ಆ ಸುತ್ತಿನ ಒಂದು ನಾಣ್ಯ ಇವತ್ತು ಸ್ಮಿತ್ಸೋನಿಯನ್‌ನಲ್ಲಿದೆ. ಅದನ್ನು ಒತ್ತಿದ್ದು 1857ರ ಸ್ವಿಟ್ಜರ್ಲೆಂಡಿನ ಶೂಟಿಂಗ್ ಹಬ್ಬದ ಬೆಳ್ಳಿ ನಾಣ್ಯದ ಮೇಲೆ. ಕೆಳಗಿನ ಸ್ವಿಸ್ ಅಚ್ಚಿನ ಗುರುತು ಪೂರ್ತಿ ಅಳಿಸಿಲ್ಲ. 1804ರ ಡಾಲರಿನ ಅಡಿಯಲ್ಲಿ 1857! ಇದಕ್ಕಿಂತ ಒಳ್ಳೆಯ ಆಡಿಟ್ ಟ್ರೇಲ್ ನಾನು ನೋಡಿಲ್ಲ.

ಖಾಸಗಿಯವರೂ ಸುಮ್ಮನಿರಲಿಲ್ಲ. ಸೂರ್ಯ ಗಡಿಯಾರ, ಹದಿಮೂರು ಉಂಗುರಗಳ ಸರಪಳಿ, ನಿನ್ನ ಕೆಲಸ ನೀನು ನೋಡಿಕೋ ಎಂಬ ಬರಹ ಇರುವ 1787ರ ಫ್ಯೂಜಿಯೋ ಸೆಂಟಿನ ನ್ಯೂ ಹೇವನ್ ರೀಸ್ಟ್ರೈಕುಗಳು 1860ರ ಆಸುಪಾಸಿನವು. ಹಳೆಯ ಅಚ್ಚು ಸಿಕ್ಕಿತು ಎಂದು ಹೇಳಿಕೊಂಡು ಕನೆಕ್ಟಿಕಟ್‌ನಲ್ಲಿ ಒತ್ತಿಸಿದರು. ಅಚ್ಚೇ ಹೊಸದು ಎಂದು ಇವತ್ತಿನ ಪರಿಣತರ ಮಾತು. ಉಂಗುರಗಳು ಮೂಲದ್ದಕ್ಕಿಂತ ಸಣಕಲಾಗಿರುವುದರಿಂದ ಗುರುತಿಸುವುದು ಸುಲಭ. 1776ರ ಕಾಂಟಿನೆಂಟಲ್ ಡಾಲರಿಗೂ ಇದೇ ಕಥೆ. ಮೂಲದಲ್ಲಿ ಕರೆನ್ಸಿ ಎಂಬ ಪದವನ್ನೇ ಮೂರು ಬಗೆಯಾಗಿ ಕಾಗುಣಿತ ಮಾಡಿದ್ದಾರೆ, ಅದೇ ಒಂದು ಮಜ. ಅಮೆರಿಕದ ನೂರನೇ ವರ್ಷದ ಉತ್ಸವಕ್ಕೆ, 1876ರಲ್ಲಿ, ಡಿಕೆಸನ್ ಎಂಬವರು ಅದಕ್ಕೆ ಹೊಸ ಅಚ್ಚು ಮಾಡಿಸಿದರು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಬ್ಯಾಷ್ಲೋ ಎಂಬ ವ್ಯಾಪಾರಿ ಡಿಕೆಸನ್‌ನ ಅಚ್ಚಿನ ನಕಲಿನಿಂದ ಮತ್ತೆ ಒತ್ತಿಸಿದರು. ಅಂದರೆ ನಕಲಿನ ನಕಲು. ಮೂಲದ್ದೇ ನಾಣ್ಯವೋ ಅಥವಾ ಯುರೋಪಿನಲ್ಲಿ ಆಮೇಲೆ ಮಾಡಿದ ಪದಕವೋ ಎಂಬ ಜಗಳ ಈಗ ಸಂಶೋಧಕರ ನಡುವೆ ನಡೆದಿದೆ, ಅದು ಬೇರೆ. ಬ್ಯಾಷ್ಲೋ ಕಾನ್ಫೆಡರೇಟ್ ಸೆಂಟನ್ನೂ ಕಂಚಿನಲ್ಲೇ 20,000 ಒತ್ತಿಸಿದ್ದರು. ಗುಲಾಮಗಿರಿಗಾಗಿ ಯುದ್ಧ ಮಾಡಿದವರ ಸೆಂಟ್ ನನ್ನ ಆಲ್ಬಮ್ಮಿಗೆ ಬೇಡವೆನಿಸಿ ಬಿಟ್ಟಿದ್ದೇನೆ. 1973ರ ನಂತರ ಮಾಡಿದ ನಕಲುಗಳ ಮೇಲೆ ಕಾಪಿ ಎಂದು ಒತ್ತಲೇಬೇಕೆಂಬ ಕಾನೂನಿದೆ. ಬ್ಯಾಷ್ಲೋನವು ಅದಕ್ಕಿಂತ ಹಳೆಯವು, ಆ ಗುರುತಿಲ್ಲ. ಎಸ್ಟೇಟ್ ಸೇಲ್‌ಗಳಲ್ಲಿ ನಮ್ಮವರು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ.

ನಮ್ಮ ದೇಶವೇನೂ ಹಿಂದಿಲ್ಲ. ಕಲ್ಕತ್ತ, ಬಾಂಬೆ ಟಂಕಸಾಲೆಗಳು ಬ್ರಿಟಿಷರ ಕಾಲದ ನಾಣ್ಯಗಳನ್ನು ಸಂಗ್ರಹಕಾರರಿಗಾಗಿ ಮತ್ತೆ ಒತ್ತಿಕೊಟ್ಟಿವೆ, ಹರಾಜಿನ ಕ್ಯಾಟಲಾಗುಗಳಲ್ಲಿ ಇವತ್ತಿಗೂ ರೀಸ್ಟ್ರೈಕ್ ಎಂದೇ ಬರುತ್ತವೆ. ಆದರೆ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬರುವ, ರಾಮ ಪಟ್ಟಾಭಿಷೇಕದ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿ ಆಣೆ ರೀಸ್ಟ್ರೈಕೂ ಅಲ್ಲ. ಅಂಥ ನಾಣ್ಯವನ್ನು ಕಂಪನಿ ಒತ್ತಲೇ ಇಲ್ಲ. ದೇವರ ಮನೆಯಲ್ಲಿಡಿ, ಲಕ್ಷ ಕೊಡುತ್ತೇನೆ ಎನ್ನುವವನಿಗೆ ಒಟಿಪಿ ಕೊಡಬೇಡಿ. ಅಜ್ಜನ ಅಸಲಿ ನಾಣ್ಯಗಳನ್ನು ಸೂಟ್‌ಕೇಸಿನಲ್ಲಿ ಇಲ್ಲಿಗೆ ತರುವ ಯೋಚನೆಯೂ ಬೇಡ. ನೂರು ವರ್ಷ ದಾಟಿದ ನಾಣ್ಯ ಭಾರತದ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಹೊರಗೆ ಒಯ್ಯುವಂತಿಲ್ಲ.

ಈಗ ನನ್ನ ಕಥೆ.

2013ರಲ್ಲಿ ಒಳ್ಳೆಯ ಬೋನಸ್ ಬಂತು. 1856ರ ಸೆಂಟ್ ಒಂದನ್ನು 12,800 ಡಾಲರ್ ಕೊಟ್ಟು ಕೊಂಡೆ. ಗ್ರೇಡಿಂಗ್ ಕಂಪನಿಯ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಭದ್ರವಾಗಿತ್ತು. ಮಾರಿದವರು, ಇದು ಕಾಂಗ್ರೆಸ್ ಸದಸ್ಯರಿಗೆ ಹಂಚಿದ ಮೊದಲ ಸುತ್ತಿನದು ಎಂದು ಬಾಯಿಮಾತಿನಲ್ಲಿ ಹೇಳಿದರು. ಅದಕ್ಕಾಗಿಯೇ ಎರಡು ಸಾವಿರ ಹೆಚ್ಚು ಕೊಟ್ಟಿದ್ದೆ. ಹೆಂಡತಿ ಹುಬ್ಬೇರಿಸಿದಾಗ, ಇದು ಖರ್ಚಲ್ಲ ಕಣೇ, ಅಸೆಟ್ ಎಂದೆ.

ಮರುವರ್ಷ ಬಾಲ್ಟಿಮೋರ್‌ನ ನಾಣ್ಯ ಮೇಳದಲ್ಲಿ ಒಬ್ಬ ಹಿರಿಯ ಸಂಗ್ರಹಕಾರರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಲೂಪ್ ಹಚ್ಚಿ ಅರ್ಧ ನಿಮಿಷ ನೋಡಿ ವಾಪಸ್ ಕೊಟ್ಟರು. ಸೊಗಸಾಗಿದೆ, ಆದರೆ ಈ ಅಚ್ಚಿನ ಜೋಡಿ 1858ಕ್ಕಿಂತ ಹಿಂದಿನದಲ್ಲ ಎಂದರು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಅವರ ಮಾತೇ ಸರಿ. ಸ್ಲ್ಯಾಬಿನ ಮೇಲೆ ಇದ್ದದ್ದು ಇಸವಿ ಮತ್ತು ಪ್ರೂಫ್ ಎಂಬ ಗ್ರೇಡ್ ಮಾತ್ರ. ಅದು ಸುಳ್ಳು ಹೇಳಿರಲಿಲ್ಲ. ಬರೆಯದೇ ಇದ್ದದ್ದನ್ನು ನಾನೇ ಓದಿಕೊಂಡಿದ್ದೆ. ಆಫೀಸಿನಲ್ಲಿ ಫುಟ್‌ನೋಟ್ ಓದದ ಜೂನಿಯರ್‌ಗಳಿಗೆ ಬೈಯುವವನು ನಾನು!

ಅದನ್ನು ಹೇಗೋ ನುಂಗಿಕೊಂಡೆ. ಪೆಟ್ಟು ಬಿದ್ದದ್ದು 2019ರಲ್ಲಿ. ಮಾರ್ಚಿನಲ್ಲಿ ಮನೆ ಕೊಂಡಿದ್ದೆವು, ಡೌನ್ ಪೇಮೆಂಟಿಗೆ ಕೈಯಲ್ಲಿದ್ದ ಹಣವೆಲ್ಲ ಹೋಗಿತ್ತು. ಏಪ್ರಿಲಿನಲ್ಲಿ ದಾವಣಗೆರೆಯಿಂದ ತಂಗಿಯ ಫೋನ್, ಅಪ್ಪನಿಗೆ ಬೈಪಾಸ್ ಆಗಬೇಕು, ಬೆಂಗಳೂರಿಗೆ ಕರೆತರುತ್ತಿದ್ದೇವೆ ಎಂದು. ಇನ್ಶೂರೆನ್ಸ್ ಅರ್ಧಕ್ಕೂ ಸಾಲುತ್ತಿರಲಿಲ್ಲ. ವಾರದೊಳಗೆ ದುಡ್ಡು ಬೇಕಿತ್ತು.

ಹರಾಜಿಗೆ ಕೊಟ್ಟರೆ ಒಳ್ಳೆಯ ಬೆಲೆ ಬರಬಹುದು, ಆದರೆ ಕ್ಯಾಟಲಾಗ್, ಹರಾಜು, ಚೆಕ್ ಎಲ್ಲ ಮುಗಿಯಲು ತಿಂಗಳುಗಳೇ ಬೇಕು. ಮೂವರು ಡೀಲರ್‌ಗಳ ಬಾಗಿಲು ತಟ್ಟಿದೆ. ಅವಸರದಲ್ಲಿರುವವನ ಮುಖ ಅವರಿಗೆ ಗೊತ್ತಾಗುತ್ತದೆ. 8,100ಕ್ಕೆ ಕೊಟ್ಟುಬಂದೆ. ಉಳಿದದ್ದು ಕ್ರೆಡಿಟ್ ಕಾರ್ಡ್. ಅಂದು ರಾತ್ರಿ ಹೆಂಡತಿ, "ರೀ, ಅಸೆಟ್ ಅಂದಿದ್ರಲ್ಲ?" ಎಂದಳು. ಕುಹಕವಾಗಿ ಅಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು. ಉತ್ತರ ಇರಲಿಲ್ಲ.

ಅಪ್ಪ ನಲವತ್ತು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವರು. ಚೇತರಿಸಿಕೊಂಡ ಮೇಲೆ ತಂಗಿಯಿಂದ ವಿಷಯ ತಿಳಿಯಿತು. ವಿಡಿಯೋ ಕಾಲಿನಲ್ಲಿ ಗಂಭೀರವಾಗಿ, "ಒಂದು ಸೆಂಟಿಗೆ ಎಂಟು ಸಾವಿರ ಡಾಲರ್ ಕೊಟ್ಟೋನು ಯಾರಪ್ಪ ಆ ಪುಣ್ಯಾತ್ಮ?" ಎಂದು ಕೇಳಿದರು. ನಾನು ಎಷ್ಟಕ್ಕೆ ಕೊಂಡಿದ್ದೆ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ತೆರಿಗೆಯ ಸಮಯದಲ್ಲಿ ಸಿಪಿಎ ಕೇಳಿದ ಮೊದಲ ಪ್ರಶ್ನೆ: ಇದು ಇನ್ವೆಸ್ಟ್‌ಮೆಂಟೋ, ಹವ್ಯಾಸವೋ? ಸ್ವಂತ ಸಂತೋಷಕ್ಕೆ ಇಟ್ಟುಕೊಂಡ ವಸ್ತುವಿನ ನಷ್ಟವನ್ನು ಕಳೆಯಲು ಬಿಡುವುದಿಲ್ಲ. ಲಾಭವಾದರೆ ಮಾತ್ರ ತಪ್ಪದೆ ಕಟ್ಟಬೇಕು, ಅದೂ ಕಲೆಕ್ಟಿಬಲ್ ಎಂದಾದರೆ ವರ್ಷ ದಾಟಿದರೂ ದರ ಶೇ. 28ರ ತನಕ ಹೋಗಬಹುದು, ಷೇರಿನ ಹಾಗೆ 15 ಅಥವಾ 20 ಅಲ್ಲ. ಐಆರ್‌ಎ ಖಾತೆಯಿಂದ ಇಂಥ ನಾಣ್ಯ ಕೊಂಡರೆ ಆ ಹಣ ತೆಗೆದಂತೆಯೇ ಲೆಕ್ಕ. ಸರ್ಕಾರದ ಈಗಲ್ ಚಿನ್ನದ ನಾಣ್ಯದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಮನೆಯ ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಿ. ಸಾಮಾನ್ಯವಾಗಿ ನಾಣ್ಯಗಳಿಗೆ ಕೆಲವು ನೂರು ಡಾಲರಿನ ಮಿತಿ ಇರುತ್ತದೆ. ನಾನು ಇದನ್ನು ನೋಡಿದ್ದು ಮಾರಿದ ಮೇಲೆ.

ಹಾಗಂತ ಸಂಗ್ರಹ ಬಿಟ್ಟಿಲ್ಲ. ಈಗ ಕೊಳ್ಳುವುದು ಮರುಒತ್ತು ಎಂದು ಲೇಬಲಿನಲ್ಲೇ ಬರೆದಿರುವ ಅಗ್ಗದವನ್ನು ಮಾತ್ರ. ಒಂದು ನ್ಯೂ ಹೇವನ್ ಫ್ಯೂಜಿಯೋ ಇದೆ, ಬ್ಯಾಷ್ಲೋನ ಕಾಂಟಿನೆಂಟಲ್ ಡಾಲರ್ ಮೂರು ಲೋಹದಲ್ಲಿವೆ. ಮಗ ಅವನ್ನು ಸಾಲಾಗಿ ಜೋಡಿಸಿ ಆಡುತ್ತಾನೆ, ನಾನು ತಡೆಯುವುದಿಲ್ಲ. ನೆಟ್ ವರ್ತ್ ಶೀಟಿನಲ್ಲಿ ಅವಕ್ಕೆ ನಾನು ಹಾಕಿರುವ ಬೆಲೆ ಸೊನ್ನೆ.

ಡಲ್ಲಾಸ್ ಮಿತ್ರರಿಗೆ ಒಂದು ಕೆಲಸ ಹೇಳಿದ್ದೆ. ಭೂತಗನ್ನಡಿ ಹಿಡಿದು ಇಸವಿಯಲ್ಲಿರುವ 5ನ್ನು ನೋಡಿ. ಅಸಲಿ 1856ರಲ್ಲಿ 5ರ ದಪ್ಪ ಲಂಬಗೆರೆ ಅದರ ಕೆಳಗಿನ ಗುಂಡಿನ ನಡುಮಧ್ಯಕ್ಕೆ ಇಳಿಯುತ್ತದೆ. 1858ರ ನಾಣ್ಯದಲ್ಲಿ ಗುಂಡಿನಿಂದ ಎಡಕ್ಕೆ, ಹೊರಗೆ ಬೀಳುತ್ತದೆ. 8ನ್ನು ಕೆರೆದು 6 ಮಾಡುವುದು ಈ ದಂಧೆಯ ಬಹಳ ಹಳೆಯ ಕೈಚಳಕ, ಆದರೆ 5ನ್ನು ಮುಟ್ಟಲು ಬರುವುದಿಲ್ಲ. ತೂಕ ನೋಡಿ ಪ್ರಯೋಜನವಿಲ್ಲ, ಎರಡೂ 4.67 ಗ್ರಾಮೇ.

ಶನಿವಾರ ರಾತ್ರಿ ಫೋಟೋ ಬಂತು. ದೊಡ್ಡದು ಮಾಡಿ ನೋಡಿದೆ, ಗೆರೆ ಹೊರಗಿತ್ತು. ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಂದ್ರ ನಾ ನೋಡ್ಲಿಕ್ಕೆ ಹತ್ತಿದ್ದು ರೀಸ್ಟ್ರೈಕೂ ಅಲ್ಲೇನ್ರಿ?" ಎಂದರು. ಅಲ್ಲ ಎಂದೆ. ಮಾರುವವನು ಅಡ್ವಾನ್ಸ್ ವಾಪಸ್ ಕೊಡಲು ಒಪ್ಪಲಿಲ್ಲವಂತೆ, ಐದುನೂರು ಹೋಯಿತು. 529 ಹಾಗೇ ಇದೆ.

ನಿನ್ನೆ ಮತ್ತೊಂದು ಫೋಟೋ ಕಳಿಸಿದ್ದಾರೆ. ಡಲ್ಲಾಸ್‌ನ ಒಂದು ಅಂಗಡಿಯಲ್ಲಿ ಮಗಳಿಗೆ ಮೂವತ್ತೈದು ಡಾಲರ್ ಕೊಟ್ಟು 1858ರ ಫ್ಲೈಯಿಂಗ್ ಈಗಲ್ ಸೆಂಟ್ ಕೊಡಿಸಿದ್ದಾರೆ. ಸವೆದಿದೆ, ಹದ್ದಿನ ರೆಕ್ಕೆಯ ಗರಿಗಳು ಕಾಣುತ್ತಿಲ್ಲ. ಇಸವಿಯ 8 ಮಾತ್ರ 8 ಆಗಿಯೇ ಉಳಿದಿದೆ.